ಮುನ್ನೂರ ತೊಂಬತ್ತೊಂಬತ್ತನೇ ವರ್ಷ

ಮಾರ್ಚ್ 11

ಅಪ್ಪ,

ಎರಡು ವರ್ಷದ ನಂತರ ನಿನಗೆ ಬರೀತಿರೋ ಮೊದಲ ಪತ್ರ ಇದು. ಮೇಲಿಂದ ಕೆಳಕ್ಕೆ ಆರುನೂರು ಮೀಟರ್ ಅಂತೆ. ಅಂದ್ರೆ ನೀನು ನನ್ನ ಕಾಲ ಕೆಳಗೇ ಇದ್ದೀಯ.

ಗಣಿ ಕುಸಿದ ದಿನ ನಾನು ಕಾಲೇಜಿನಲ್ಲಿ ಇತಿಹಾಸದ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಗಣಿ ಆಫೀಸಿನವರು ಫೋನ್ ಮಾಡಿ, ‘ನಿಮ್ಮ ತಂದೆಯವರ ಪಾಳಿಯ ಹನ್ನೊಂದು ಜನ ಒಳಗೆ ಸಿಕ್ಕಿಕೊಂಡಿದ್ದಾರೆ’ ಅಂದ್ರು. ‘ಸಿಕ್ಕಿಕೊಂಡಿದ್ದಾರೆ ಅಂದ್ರೆ ಜೀವ ಇದೆಯಾ?’ ಅಂತ ಕೇಳಿದೆ. ಆ ಮನುಷ್ಯ ‘ಸಿಕ್ಕಿಕೊಂಡಿದ್ದಾರೆ’ ಅಂತ ಇನ್ನೊಂದು ಸಲ ಹೇಳಿ ಫೋನ್ ಇಟ್ಟುಬಿಟ್ಟ. ಅವತ್ತೇ ಬಸ್ ಹತ್ತಿದೆ. ಹದಿನೇಳು ದಿನ ಈ ತಂತಿಬೇಲಿ ಪಕ್ಕದಲ್ಲಿ ಅತ್ತಿಂದಿತ್ತ ಓಡಾಡಿದ್ದೀನಿ. ಕೂತರೆ ಏಳಬೇಕು ಅನ್ಸುತ್ತೆ, ಎದ್ದರೆ ಎಲ್ಲಿಗೆ ಹೋಗಬೇಕು ಅಂತ ತೋಚಲ್ಲ. ಚಪ್ಪಲಿಯ ಉಂಗುಟ ಕಿತ್ತುಹೋಗಿದೆ.

ಮೊನ್ನೆ ಮೇಲಿಂದ ಕೊರೆದ ಸಣ್ಣ ತೂತು ನೀವಿರೋ ಜಾಗಕ್ಕೆ ಮುಟ್ಟಿತು. ಕೊಳವೆಗೆ ಯಾರೋ ಕೆಳಗಿಂದ ಸುತ್ತಿಗೆಯಲ್ಲಿ ಬಡೀತಿದ್ದಾರೆ ಅಂತ ಎಂಜಿನಿಯರ್ ಕೂಗಿದಾಗ ಬೇಲಿಯ ಈಚೆ ಇದ್ದ ನಾವೆಲ್ಲ ಗುರುತಿಲ್ಲದವರನ್ನೂ ತಬ್ಬಿಕೊಂಡು ಅತ್ವಿ. ಆಮೇಲೆ ಪಟ್ಟಿ ಮೇಲೆ ಬಂತು. ಗ್ರೀಸ್ ಮೆತ್ತಿದ ಕಾಗದ, ಪೆನ್ಸಿಲಿನಲ್ಲಿ ಹನ್ನೊಂದು ಹೆಸರು, ನಿನ್ನ ಅಕ್ಷರ. ನಾನು ಕೊನೆಯಿಂದ ಓದೋಕೆ ಶುರು ಮಾಡಿದೆ. ನಿನ್ನ ಹೆಸರನ್ನ ನೀನು ಎಲ್ಲಿ ಬರ್ಕೊಳ್ತೀಯ ಅಂತ ಗೊತ್ತಿತ್ತಲ್ಲ.

ಪತ್ರವನ್ನ ಬೆರಳಿನಷ್ಟು ಸಣ್ಣಗೆ ಸುತ್ತಿ ಕೊಳವೆಗೆ ಹಾಕ್ತಾರೆ. ಇಲ್ಲೊಬ್ಬರು ಆಪ್ತ ಸಲಹೆಗಾರ್ತಿ ಇದ್ದಾರೆ. ಕೆಳಗೆ ಹೋಗೋ ಪತ್ರವನ್ನೆಲ್ಲ ಮೊದಲು ಅವರು ಓದ್ತಾರೆ. ಕೆಟ್ಟ ಸುದ್ದಿ ಬೇಡ, ಅಳು ಬೇಡ, ಮನೆಯ ಹಳೇ ತಕರಾರು ಬೇಡ ಅಂದ್ರು. ‘ತಕರಾರು ತೆಗೆದ್ರೆ ನಮ್ಮಿಬ್ಬರಿಗೆ ಬರೆಯೋಕೆ ಏನೂ ಉಳಿಯಲ್ಲ ಮೇಡಂ’ ಅಂದೆ. ಆಕೆ ನಗಲಿಲ್ಲ.

ಮನುಷ್ಯ ಹಿಡಿಸೋವಷ್ಟು ಅಗಲದ ಇನ್ನೊಂದು ತೂತು ಕೊರೆಯೋಕೆ ಶುರು ಮಾಡಿದ್ದಾರೆ. ಎರಡು ಮೂರು ತಿಂಗಳು ಬೇಕಂತೆ. ತಡ್ಕೋ.

ನಿನ್ನ ಮಗಳು


ಮಾರ್ಚ್ 15

ಪುಟ್ಟಕ್ಕ,

ನೀನು ಮೇಲೆ ಬಂದು ಕೂತಿದ್ದೀಯ ಅಂತ ಗೊತ್ತಾದ ಮೇಲೆ ಊಟ ಗಂಟಲಲ್ಲಿ ಇಳೀತು. ಕಾಲೇಜಿಗೆ ರಜೆ ಹಾಕಿದ್ದೀಯಾ? ಕೇಳಬಾರದು ಅಂದ್ಕೊಂಡೆ, ಕೇಳಿಬಿಟ್ಟೆ.

ನಾವಿರೋದು ಆಪತ್ತಿಗೆ ಅಂತ ಕಡಿದಿಟ್ಟ ಕೋಣೆ. ನಿನ್ನ ಒಂದು ಕ್ಲಾಸ್‌ರೂಮಿನಷ್ಟಿದೆ. ಒಂದು ಪಕ್ಕ ನೆಟ್ಟಗೆ ನಿಂತರೆ ತಲೆ ಬಂಡೆಗೆ ತಾಗುತ್ತೆ. ಸೆಕೆ ಎಷ್ಟು ಅಂದ್ರೆ ಅಂಗಿ ಹಾಕೋದನ್ನೇ ಬಿಟ್ಟಿದ್ದೀವಿ. ಮೊದಲ ಹದಿನೇಳು ದಿನ ದಿನಕ್ಕೆ ಎರಡು ಬಿಸ್ಕತ್ತು, ಬಂಡೆಯಿಂದ ಒಸರೋ ನೀರನ್ನ ಹೆಲ್ಮೆಟ್ಟಿನಲ್ಲಿ ಹಿಡಿದು ಕುಡೀತಿದ್ವಿ. ಈಗ ನಿಮ್ಮ ಕೊಳವೆಯಿಂದ ಎಲ್ಲ ಬರ್ತಿದೆ. ಔಷಧಿ, ಬ್ಯಾಟರಿ, ಹಲ್ಲುಜ್ಜೋ ಬ್ರಷ್ಷು ಕೂಡ.

ಮೇಸ್ತ್ರಿ ಒಬ್ಬರು ಇದ್ದಾರೆ, ಎಲ್ಲದಕ್ಕೂ ಸರದಿ ಹಾಕ್ತಾರೆ, ಗೊರಕೆಗೂ ಹಾಕಿದ್ರೆ ಚೆನ್ನಾಗಿತ್ತು. ಗಣಿಯ ನೀರು ಎತ್ತೋ ಪಂಪಿನವನಿಗೆ ಎರಡು ಗಳಿಗೆ ಕೂರೋಕಾಗಲ್ಲ, ಹನ್ನೆರಡು ಹೆಜ್ಜೆ ಹೋಗ್ತಾನೆ, ಹನ್ನೆರಡು ಹೆಜ್ಜೆ ಬರ್ತಾನೆ. ಇನ್ನೊಬ್ಬ ವೆಲ್ಡರ್. ಊರಿಗೆಲ್ಲ ಬೆಸುಗೆ ಹಾಕ್ತಾನೆ, ಅವನ ಬಾಯಿಗೆ ಹಾಕೋರು ಯಾರೂ ಇಲ್ಲ. ಅವನಿಲ್ಲದಿದ್ರೆ ನಮಗೆ ಎಂದೋ ತಲೆ ಕೆಡ್ತಿತ್ತು.

ವಯಸ್ಸಿನಲ್ಲಿ ನಾನೇ ದೊಡ್ಡವನು ಅಂತ ಎಲ್ಲರೂ ದೊಡ್ಡಪ್ಪ ಅಂತಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಪ್ರಾರ್ಥನೆ ನಾನೇ ಹೇಳಿಸ್ತೀನಿ. ‘ದೊಡ್ಡಪ್ಪ ಇದ್ದಾರೆ, ದೇವರು ನಮ್ಮನ್ನ ಕೈ ಬಿಡಲ್ಲ’ ಅಂತಾರೆ. ಪುಟ್ಟಕ್ಕ, ಇದನ್ನ ನಿನಗೆ ಒಬ್ಬಳಿಗೇ ಹೇಳ್ತಿದ್ದೀನಿ. ಹತ್ತನೇ ದಿನದಿಂದ ನನಗೆ ಪ್ರಾರ್ಥನೆ ಬರ್ತಿಲ್ಲ. ಬಾಯಿ ಆಡುತ್ತೆ, ಒಳಗೆ ಬರೀ ಒಣಗಿದ ಬಾವಿ. ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಬೆಳಕಲ್ಲಿ ನಿಂತು ಹೇಳಿದ್ದಾ ಅಂತ ಅನುಮಾನ ಶುರುವಾಗಿದೆ.

ನೀನು ಇತಿಹಾಸ ಓದಿದವಳು. ನಿನಗೆ ದೇವರ ಮೇಲೆ ನಂಬಿಕೆ ಇಲ್ಲ, ಅದಕ್ಕೇ ನಿನ್ನ ಕೇಳ್ತಿದ್ದೀನಿ, ನೀನು ನನ್ನ ಸಮಾಧಾನಕ್ಕೆ ಸುಳ್ಳು ಹೇಳಲ್ಲ. ಇಷ್ಟು ಸಾವಿರ ವರ್ಷದಲ್ಲಿ ಅವನು ಕೊಟ್ಟ ಮಾತು ಉಳಿಸಿಕೊಂಡ ಒಂದು ಸಂಗತಿ ಹುಡುಕಿ ಬರಿ. ಒಂದೇ ಸಾಕು.

ಅಪ್ಪ


ಮಾರ್ಚ್ 18

ಅಪ್ಪ,

ನಿನ್ನ ಪತ್ರ ಓದಿ ಮೊದಲು ಸಿಟ್ಟು ಬಂತು. ಹೋಗಿ ಹೋಗಿ ನನ್ನನ್ನ ಕೇಳ್ತೀಯಲ್ಲ!

ಅಮ್ಮ ಆಸ್ಪತ್ರೆಯಲ್ಲಿದ್ದ ನಲವತ್ತು ದಿನ ನೀನು ಹೇಳಿದ್ದು ಒಂದೇ ಮಾತು, ದೇವರು ನೋಡ್ಕೊಳ್ತಾನೆ ಅಂತ. ಅಮ್ಮ ಹೋದ ದಿನವೂ ಅದನ್ನೇ ಅಂದೆ. ಆ ಮಾತು ಕೇಳಿದಾಗಲೆಲ್ಲ ಯಾರೋ ನನ್ನ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಗ್ತಿತ್ತು. ನೀನು ಒಂದು ಸಲ, ಒಂದೇ ಸಲ, ‘ನನಗೂ ಭಯ ಆಗ್ತಿದೆ ಮಗಳೇ’ ಅಂದಿದ್ರೆ ನಾನು ಆ ಮನೆ ಬಿಟ್ಟು ಹೋಗ್ತಿರಲಿಲ್ಲ. (ಈ ಸಾಲು ಕಳಿಸೋಕೆ ಸಲಹೆಗಾರ್ತಿ ಒಪ್ಪಿದ್ರು. ಓದಿ, ‘ಇದು ತಕರಾರಲ್ಲ, ಹೋಗಲಿ’ ಅಂದ್ರು.)

ಈಗ ನೀನು ಹಾಗಂದಿದ್ದೀಯ. ಆರುನೂರು ಮೀಟರ್ ಕೆಳಗೆ ಹೋಗಬೇಕಾಯ್ತು.

ನಾನು ಪಾಠ ಮಾಡೋದು ಯುದ್ಧ, ಬರ, ರಾಜರ ತಾರೀಖು. ಅದರಲ್ಲಿ ದೇವರಿಗೆ ಅಂತ ಅಧ್ಯಾಯ ಇಲ್ಲ. ಆದರೂ ನೀನು ಕೇಳಿದೆ ಅಂತ ಯೋಚಿಸಿದೆ. ಚಿಕ್ಕವಳಿದ್ದಾಗ ನೀನೇ ಹೇಳ್ತಿದ್ದೆಯಲ್ಲ, ಪರದೇಶದಲ್ಲಿ ಗುಲಾಮರಾಗಿ ಇಟ್ಟಿಗೆ ಹಾಕಿದ ಜನ, ಬಿಡಿಸ್ತೀನಿ ಅಂತ ದೇವರು ಮಾತು ಕೊಟ್ಟವರು, ನಾನೂರು ವರ್ಷ ಆದಮೇಲೆ ಸಮುದ್ರ ದಾಟಿ ಹೊರಗೆ ಬಂದವರು. ಅದಕ್ಕೆ ನಮ್ಮಂಥವರು ಒಪ್ಪೋ ಸಾಕ್ಷಿ ಕಮ್ಮಿ. ಆದರೆ ಒಂದನ್ನ ಅಲ್ಲಗಳೆಯೋಕಾಗಲ್ಲ. ಆ ಜನ ಆಮೇಲೆ ಎಷ್ಟೋ ಸಲ ಸೋತರು, ಚದುರಿ ಹೋದರು, ಅವರನ್ನ ಆಳಿದ ದೊಡ್ಡ ದೊಡ್ಡ ರಾಜ್ಯಗಳು ಈಗ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿವೆ, ಇವರು ಮಾತ್ರ ಇವತ್ತಿಗೂ ಮಕ್ಕಳನ್ನ ಕೂರಿಸಿಕೊಂಡು ‘ಅವನು ನಮ್ಮನ್ನ ಹೊರಗೆ ತಂದ’ ಅಂತ ಹೇಳ್ತಾ ಇದ್ದಾರೆ. ಹೀಗೆ ಯಾಕೆ ಆಗುತ್ತೆ ಅಂತ ನನಗೆ ಗೊತ್ತಿಲ್ಲ. ಅವರಿಗೆ ಮಾತ್ರ ಅನುಮಾನ ಇಲ್ಲ.

ನಿನ್ನ ವೆಲ್ಡರನ ಹೆಂಡತಿ ನನ್ನ ಪಕ್ಕದ ಟೆಂಟಿನಲ್ಲೇ ಇದ್ದಾಳೆ. ಹೊಲಿಗೆಯವಳು. ‘ಆ ಮನುಷ್ಯನಿಗೆ ಬಾಯಿ ಸ್ವಲ್ಪ ಕಮ್ಮಿ ಮಾಡೋಕೆ ಹೇಳಿ’ ಅಂದ್ಲು.

ನಿನ್ನ ಮಗಳು


ಮಾರ್ಚ್ 26

ಪುಟ್ಟಕ್ಕ,

ನಿನ್ನ ಪತ್ರದಲ್ಲಿ ಅಮ್ಮನ ವಿಷಯ ಬಿಟ್ಟು ಉಳಿದದ್ದನ್ನ ಎಲ್ಲರಿಗೂ ಓದಿ ಹೇಳಿದೆ. ಅಮ್ಮನ ವಿಷಯ ನಾನೊಬ್ಬನೇ ನಾಲ್ಕು ಸಲ ಓದಿದೆ. ಅದಕ್ಕೆ ಉತ್ತರ ಇಲ್ಲಿಂದ ಬರೆಯೋಕಾಗಲ್ಲ.

ನಾನೂರು ವರ್ಷದ ಕಥೆ ಎಲ್ಲರಿಗೂ ಹಿಡಿಸ್ತು. ಮೇಸ್ತ್ರಿ ಅಂತೂ, ‘ನಾವು ಬರೀ ಮೂವತ್ತೈದು ದಿನದವರು, ನಮಗೇನು’ ಅಂತ ತೊಡೆ ತಟ್ಟಿದ್ರು. ಅಷ್ಟರಲ್ಲಿ ವೆಲ್ಡರ್ ಎದ್ದು ಕೂತ. ‘ದೊಡ್ಡಪ್ಪ, ನಾನೂರನೇ ವರ್ಷ ಬಾಗಿಲು ತೆರೀತು, ಸರಿ. ಮುನ್ನೂರ ತೊಂಬತ್ತೊಂಬತ್ತನೇ ವರ್ಷ ಸತ್ತವನ ಗತಿ ಏನು? ಅವನು ಹುಟ್ಟಿದ್ದು ಇಟ್ಟಿಗೆ ಮಧ್ಯೆ, ಸತ್ತಿದ್ದು ಇಟ್ಟಿಗೆ ಮಧ್ಯೆ. ಅವನ ಹತ್ರ ಹೋಗಿ ದೇವರು ಮಾತು ಉಳಿಸಿಕೊಂಡ ಅಂತ ಹೇಳ್ತೀರಾ?’

ಪಂಪಿನವನು ‘ಇಂಥ ಮಾತು ಈ ಜಾಗದಲ್ಲಿ ಆಡ್ತೀಯಲ್ಲ, ನಿನಗೆ ಬುದ್ಧಿ ಇದೆಯಾ’ ಅಂತ ಅವನ ಮೇಲೆ ಏರಿ ಹೋದ. ಬಿಡಿಸಬೇಕಾಯ್ತು. ಬಿಡಿಸಿದ ಮೇಲೂ ಪ್ರಶ್ನೆ ಅಲ್ಲೇ ಕೂತಿದೆ. ಸಂಜೆ ಪ್ರಾರ್ಥನೆ ಹೇಳಿಸ್ತಾ ಇದ್ದೆ, ಅವನು ನನ್ನ ಮುಖವನ್ನೇ ನೋಡ್ತಿದ್ದ. ಕುಚೋದ್ಯಕ್ಕೆ ಕೇಳಿದ್ದಲ್ಲ ಅಂತ ಆಗ ಗೊತ್ತಾಯ್ತು.

ಅವನಿಗೆ ಸ್ವಲ್ಪ ಕೆಮ್ಮು. ಹೆಂಡತಿಗೆ ಹೇಳಬೇಡ ಅಂದಿದ್ದಾನೆ.

ಉತ್ತರ ಹುಡುಕಿ ಕಳಿಸು. ಬೇಗ.

ಅಪ್ಪ


ಏಪ್ರಿಲ್ 3

ಅಪ್ಪ,

ನನಗೆ ಉತ್ತರ ಸಿಕ್ಕಿಲ್ಲ. ಪಾಠ ಹೇಳಿಕೊಟ್ಟ ಮೇಷ್ಟರಿಗೆ ಫೋನ್ ಮಾಡಿ ಕೇಳಿದೆ. ‘ಅದು ಇತಿಹಾಸದ ಪ್ರಶ್ನೆ ಅಲ್ಲಮ್ಮ’ ಅಂದ್ರು. ಹಾಗಾದ್ರೆ ಯಾರ ಪ್ರಶ್ನೆ ಅಂತ ಕೇಳಿದ್ದಕ್ಕೆ ‘ನಿಮ್ಮ ತಂದೆಯವರು ಹುಷಾರಾಗಿ ಬರಲಿ’ ಅಂದ್ರು.

ಒಂದು ಮಾತ್ರ ನೆನಪಾಯ್ತು. ಅದೇ ಜನ ಮತ್ತೊಮ್ಮೆ ಸೆರೆಯಾಗಿ ದೂರದ ಊರಿಗೆ ಹೋದಾಗ, ವಾಪಸ್ ಕರ್ಕೊಂಡು ಬರೋಕೆ ಎಪ್ಪತ್ತು ವರ್ಷ ಆಗುತ್ತೆ, ಅಲ್ಲಿವರೆಗೆ ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅಂತ ದೇವರ ಹೆಸರಲ್ಲಿ ಅವರಿಗೆ ಪತ್ರ ಬಂತಂತೆ. ಎಪ್ಪತ್ತು ವರ್ಷ! ಆ ಪತ್ರ ಓದಿದ ದೊಡ್ಡವರಲ್ಲಿ ವಾಪಸ್ ಹೋಗೋರು ಯಾರೂ ಇಲ್ಲ. ಆದರೂ ಗುದ್ದಲಿ ತಗೊಂಡು ತೋಟ ಅಗೆದರು. ನನಗೆ ಇದು ತಲೆಗೆ ಹತ್ತೋದೇ ಇಲ್ಲ. ನಾನಾಗಿದ್ರೆ ಗುದ್ದಲಿ ಬಿಸಾಕ್ತಿದ್ದೆ.

ಹೊಲಿಗೆಯವಳು ಊರಿಂದ ಮೆಷಿನ್ನನ್ನೇ ತರಿಸಿಕೊಂಡಿದ್ದಾಳೆ. ಬೇಲಿಯ ಒಳಗಿನವರು ಹೊರಗಿನವರು ಅಂತ ನೋಡಲ್ಲ, ಯಾರ ಅಂಗಿ ಹರಿದಿದ್ರೂ ಬಿಚ್ಚಿಸಿಕೊಂಡು ಹೊಲೀತಾಳೆ. ಎಂಜಿನಿಯರ್ ಬರೀ ಬನಿಯನ್ನಲ್ಲಿ ನಿಂತು ಗುಂಡಿ ಹಾಕಿಸಿಕೊಂಡು ಹೋದ. ‘ಕೈ ಸುಮ್ಮನಿದ್ರೆ ತಲೆ ಏನೇನೋ ಹೊಲಿಯುತ್ತೆ’ ಅಂತಾಳೆ. ನಾನು ಅವಳಿಗೆ ದಾರ ಪೋಣಿಸಿಕೊಡ್ತೀನಿ. ಕೆಮ್ಮಿನ ವಿಷಯ ಹೇಳಿಲ್ಲ. ಹೇಳದೆ ಅವಳ ಮುಂದೆ ಕೂರೋದು ಮುಳ್ಳಿನ ಮೇಲೆ ಕೂತ ಹಾಗಿದೆ.

ಯಂತ್ರ ಕೊರೀತಾ ಇದೆ.

ನಿನ್ನ ಮಗಳು


ಏಪ್ರಿಲ್ 11

ಮಗಳೇ,

ಯಂತ್ರದ ಸದ್ದು ನಿಂತು ಮೂರು ದಿನ ಆಯ್ತು. ನಿನ್ನ ನಿನ್ನೆಯ ಚೀಟಿಯಲ್ಲಿ ಬಿಸಿಲಿನ ವಿಷಯ ಇದೆ, ಚಪ್ಪಲಿ ಹೊಲಿಸಿದ ವಿಷಯ ಇದೆ. ಸದ್ದಿನ ವಿಷಯ ಒಂದಕ್ಷರ ಇಲ್ಲ. ಮೂವತ್ತು ವರ್ಷ ಗಣಿಯಲ್ಲಿ ಯಂತ್ರ ಬಿಚ್ಚಿ ಜೋಡಿಸೋ ಫಿಟ್ಟರ್ ಆಗಿದ್ದೀನಿ. ನೀನು ಬರೆಯದೇ ಇದ್ದದ್ದನ್ನ ಓದೋಕೆ ನನಗೆ ಬರುತ್ತೆ.

ಇಲ್ಲಿ ಪಂಪಿನವನು ನಡೆಯೋದನ್ನ ನಿಲ್ಲಿಸಿದ್ದಾನೆ, ಗೋಡೆಗೆ ಮುಖ ಮಾಡಿ ಮಲಗಿದವನು ಏಳ್ತಿಲ್ಲ. ನಡೀತಿದ್ದಾಗ ಬೈತಿದ್ವಿ, ಈಗ ನಡಿಯಪ್ಪಾ ಅಂತ ಬೇಡ್ಕೊಳ್ತಿದ್ದೀವಿ. ನಿನ್ನೆ ನಾನು ಪ್ರಾರ್ಥನೆ ಹೇಳಿಸಲ್ಲ ಅಂದುಬಿಟ್ಟೆ. ‘ನೀವು ನೀವೇ ಮಾಡ್ಕೊಳ್ಳಿ, ನನ್ನಲ್ಲಿ ಏನೂ ಇಲ್ಲ’ ಅಂದೆ. ಅಷ್ಟು ಜನರ ಮುಖ ಒಂದೇ ಸಲ ಬಾಡಿದ್ದು ನೋಡಿದೆ.

ಆಗ ವೆಲ್ಡರ್, ‘ಇವತ್ತು ನನ್ನ ಪಾಳಿ’ ಅಂತ ಎದ್ದ. ನೀರು ಬರದಿದ್ರೆ ಆಫೀಸಿಗೆ ಅರ್ಜಿ ಬರೀತೀವಲ್ಲ, ಹಾಗಿತ್ತು ಅವನ ಪ್ರಾರ್ಥನೆ. ‘ಸ್ವಾಮಿ, ಈ ಕೆಳಗೆ ಸಹಿ ಮಾಡಿರೋ ಹನ್ನೊಂದು ಜನ, ವಿಳಾಸ ನಿಮಗೆ ಗೊತ್ತಿದೆ, ನಮಗೇ ಸರಿಯಾಗಿ ಗೊತ್ತಿಲ್ಲ. ಹಿಂದೆ ತಾವು ಅನೇಕರಿಗೆ ಮಾಡಿಕೊಟ್ಟ ದಾಖಲೆ ಇದೆ. ದಯವಿಟ್ಟು ಗಮನಿಸೋದು.’ ನಗು ಬಂತು. ನಗ್ತಾ ನಗ್ತಾ ಇಬ್ಬರು ಅತ್ತರು. ಅವನಿಗೆ ಕೆಮ್ಮು ಹತ್ತಿ ಮುಂದೆ ಹೇಳೋಕಾಗಲಿಲ್ಲ.

ನಿಜ ಬರಿ.

ಅಪ್ಪ


ಏಪ್ರಿಲ್ 11 (ಕೊಳವೆಗೆ ಹಾಕದೆ ಇಟ್ಟುಕೊಂಡದ್ದು)

ಅಪ್ಪ,

ಇದನ್ನ ಕಳಿಸಲ್ಲ. ಆದರೂ ಯಾರಿಗಾದ್ರೂ ಹೇಳದಿದ್ರೆ ಎದೆ ಒಡೆದುಹೋಗುತ್ತೆ.

ಮುನ್ನೂರ ನಲವತ್ತು ಮೀಟರಿನಲ್ಲಿ ಕೊರೆಯೋ ತಲೆ ಮುರಿದು ತೂತಿನಲ್ಲೇ ಸಿಕ್ಕಿಕೊಂಡಿದೆ. ಮೂರು ದಿನದಿಂದ ಎಳೀತಿದ್ದಾರೆ, ಬರ್ತಿಲ್ಲ. ಆ ತೂತು ಹೋದ ಹಾಗೇ. ಇವತ್ತು ಮಧ್ಯಾಹ್ನ ತಗಡಿನ ಶೆಡ್ಡಿನಲ್ಲಿ ಸಾಹೇಬರ ಮೀಟಿಂಗ್ ಇತ್ತು. ಹೊಲಿದ ಅಂಗಿ ಕೊಡೋ ನೆಪದಲ್ಲಿ ಹೋಗಿ ಬಾಗಿಲಲ್ಲಿ ನಿಂತೆ. ನಿಮ್ಮ ಕೋಣೆಯ ಮೇಲಿನ ಬಂಡೆ ಸರೀತಾ ಇದೆಯಂತೆ. ಹೊಸ ತೂತು ಕೊರೆದ್ರೆ ಅದರ ನಡುಕಕ್ಕೇ ಬಂಡೆ ಕುಸಿದರೂ ಕುಸೀಬಹುದು ಅಂತ ಒಬ್ಬರು ಅಂದ್ರು. ಇನ್ನೊಬ್ಬರು, ‘ಹಾಗಂತ ಕೊರೆಯದೇ ಇರೋಕಾಗುತ್ತಾ?’ ಅಂದ್ರು.

ನಾನು ಗುಡ್ಡದ ಹಿಂದೆ ಹೋದೆ. ಅಮ್ಮ ಹೋದಮೇಲೆ, ಆರು ವರ್ಷಕ್ಕೆ ಮೊದಲ ಸಲ ದೇವರ ಹತ್ರ ಮಾತಾಡಿದೆ. ಅದಕ್ಕೆ ಪ್ರಾರ್ಥನೆ ಅನ್ನೋ ಹೆಸರು ಒಪ್ಪಲ್ಲ. ‘ಅಮ್ಮನ್ನ ತಗೊಂಡೆ, ಅಪ್ಪನ್ನಾದ್ರೂ ಬಿಡು’ ಅಂದೆ. ಒಂದು ಕಲ್ಲು ತಗೊಂಡು ಎಸೆದೆ. ಆಕಾಶ ಬೆಳ್ಳಗೆ ಬಿಸಿಲು ಕಾಯ್ತಾ ಹಾಗೇ ಇತ್ತು. ಏನೂ ಆಗಲಿಲ್ಲ. ಕಲ್ಲು ಎಲ್ಲೋ ಬಿದ್ದ ಸದ್ದೂ ಕೇಳಲಿಲ್ಲ. ವಾಪಸ್ ಬಂದು ದಾರ ಪೋಣಿಸಿಕೊಟ್ಟೆ.


ಏಪ್ರಿಲ್ 12

ಅಪ್ಪ,

ಮೊದಲನೇ ತೂತು ಹೋಯ್ತು. ಯಂತ್ರದ ತಲೆ ಮುರೀತು. ನಾಳೆಯಿಂದ ಇನ್ನೊಂದು ಕಡೆ, ಇನ್ನೂ ವೇಗದ ಯಂತ್ರದಲ್ಲಿ, ಹೊಸದಾಗಿ ಕೊರೀತಾರೆ. ಅಪಾಯ ಇದೆ. ಆದರೂ ಕೊರೀತಾರೆ.

ಈ ಐದು ಸಾಲಿಗೆ ಸಲಹೆಗಾರ್ತಿ ಜೊತೆ ಒಂದು ಗಂಟೆ ವಾದ ಮಾಡಿದೆ. ‘ಅವರು ಗಣಿಯವರು, ಸದ್ದು ನಿಂತದ್ದು ಅವರಿಗೆ ಗೊತ್ತು. ಇವತ್ತು ಮುಚ್ಚಿಟ್ಟರೆ ನಾಳೆ ಒಳ್ಳೇ ಸುದ್ದಿ ಹೇಳಿದ್ರೂ ನಂಬಲ್ಲ’ ಅಂದೆ. ಕೊನೆಗೆ ಆಕೆಯೇ ಸುತ್ತಿ ಕೊಳವೆಗೆ ಹಾಕಿದ್ರು.

ನನಗೂ ಭಯ ಆಗ್ತಿದೆ ಅಪ್ಪ.

ನಿನ್ನ ಮಗಳು


ಏಪ್ರಿಲ್ 29

ಪುಟ್ಟಕ್ಕ,

ವೆಲ್ಡರ್ ಮೊನ್ನೆ ಬೆಳಿಗ್ಗೆ ತೀರಿಕೊಂಡ. ಆಫೀಸಿನವರು ಹೇಳೋ ಮುಂಚೆ ಅವನ ಹೆಂಡತಿಗೆ ನೀನು ಹೇಳು ಅಂತ, ಡಾಕ್ಟರ ಜೊತೆ ಮಾತಾಡೋಕೆ ಕೊಳವೆಯಲ್ಲಿ ಇಳಿಸಿದ್ದ ಫೋನಿನ ತಂತಿಯಲ್ಲಿ ಕೇಳಿಕೊಂಡಿದ್ದೆ. ಹೇಳಿದ್ದೀಯ ಅಂದ್ಕೊಳ್ತೀನಿ. ಅವಳಿಗೆ ಗೊತ್ತಾಗಬೇಕಾದ್ದನ್ನ ಇಲ್ಲಿ ಬರೀತೀನಿ.

ಕೆಮ್ಮು ಪುಪ್ಪುಸಕ್ಕೆ ಇಳಿದಿತ್ತು. ಡಾಕ್ಟರು ತಂತಿಯಲ್ಲಿ ಹೇಳಿದ ಹಾಗೆ ಮೇಸ್ತ್ರಿ ಸೂಜಿ ಚುಚ್ಚೋದನ್ನೂ ಕಲಿತರು. ಆರು ದಿನ ಜ್ವರ. ಒಬ್ಬರಾದ ಮೇಲೆ ಒಬ್ಬರು ಅವನ ಕೈ ಹಿಡ್ಕೊಂಡು ಕೂತ್ವಿ. ಪಂಪಿನವನು ತನ್ನ ಪಾಳಿ ಮುಗಿದ ಮೇಲೂ ಏಳಲಿಲ್ಲ. ಒದ್ದೆ ಬಟ್ಟೆಯಿಂದ ಹಣೆ ಒರೆಸ್ತಾ, ‘ಅವತ್ತು ನಿನ್ನ ಮೇಲೆ ಏರಿ ಬಂದೆ, ಮನಸ್ಸಲ್ಲಿಟ್ಟುಕೋಬೇಡ’ ಅಂದ. ‘ಮನಸ್ಸಲ್ಲಿ ಜಾಗ ಇಲ್ಲ ಮಾರಾಯ, ಪೂರ್ತಿ ಕಫ’ ಅಂದ ಅವನು.

ಕೊನೇ ದಿನ ನನ್ನನ್ನ ಕರೆದ. ‘ದೊಡ್ಡಪ್ಪ, ಇತಿಹಾಸದ ಮೇಡಂಗೆ ಹೇಳಿ. ಆ ಪ್ರಶ್ನೆಗೆ ಉತ್ತರ ಹುಡುಕೋ ಶ್ರಮ ತಗೋಬೇಡಿ ಅಂತ. ನಾನೇ ಹೋಗಿ ಕೇಳ್ತೀನಿ.’ ತಮಾಷೆ ಮಾಡ್ತಿದ್ದಾನೆ ಅಂತ ಮುಖ ನೋಡಿದೆ. ತಮಾಷೆ ಅಲ್ಲ. ‘ಸಿಟ್ಟಿಂದ ಕೇಳ್ತೀಯೇನೋ?’ ಅಂದೆ. ‘ಇಲ್ಲ, ಅವನೇ ಹೇಳಬೇಕು ಅಂತ ಆಸೆ’ ಅಂದ.

ಅವನ ಕೈ ತಣ್ಣಗಾಗ್ತಾ ಇದ್ದಾಗ ನನ್ನ ಬಾಯಿಂದ ಪ್ರಾರ್ಥನೆ ಬಂತು, ಪುಟ್ಟಕ್ಕ. ಬಿಡಿಸು ಅಂತ ಕೇಳಲಿಲ್ಲ. ‘ಇವನ ಜೊತೆ ಇರು’ ಅಂದೆ. ಅಷ್ಟೇ. ಎಷ್ಟು ಸಲ ಅಂದೆನೋ ಗೊತ್ತಿಲ್ಲ. ಅವನನ್ನ ಟಾರ್ಪಾಲಿನಲ್ಲಿ ಸುತ್ತಿ ಪಕ್ಕದ ಓಣಿಯಲ್ಲಿ ಮಲಗಿಸಿದ್ದೀವಿ. ಊಟದ ಹೊತ್ತಿಗೆ ಇನ್ನೂ ಹನ್ನೊಂದು ಪೊಟ್ಟಣ ಬರ್ತಿವೆ. ಮೇಲಿನವರಿಗೆ ಹೇಳಿ ಹತ್ತು ಮಾಡಿಸು.

ಅಪ್ಪ


ಮೇ 3

ಅಪ್ಪ,

ಹೊಲಿಗೆಯವಳಿಗೆ ನಾನೇ ಹೇಳಿದೆ. ಅವಳು ಮೆಷಿನ್ ಮುಂದೆ ಕೂತಿದ್ಲು, ಯಾರದ್ದೋ ಪ್ಯಾಂಟಿನ ಅಂಚು ಹೊಲೀತಾ. ನಾನು ಹತ್ರ ಹೋಗಿ ನಿಂತಾಗಲೇ ಅವಳಿಗೆ ತಿಳೀತು ಅಂತ ಕಾಣುತ್ತೆ. ಹೊಲಿಗೆಯನ್ನ ಕೊನೇತನಕ ತಂದು, ದಾರ ಕತ್ತರಿಸಿ, ಮಡಚಿ ಇಟ್ಟು, ಆಮೇಲೆ ಮುಖ ಎತ್ತಿದ್ಲು. ನಿನ್ನ ಪತ್ರ ಬಂದ ಮೇಲೆ ಅವಳಿಗೆ ಓದಿ ಹೇಳಿದೆ. ‘ನೀರು ಕುಡಿಸಿದ್ರಾ?’ ಅಂದ್ಲು. ಕುಡಿಸಿದ್ರು ಅಂದೆ. ‘ಅವರಿಗೆ ಬಾಯಿ ಬೇಗ ಒಣಗುತ್ತೆ, ಮಾತು ಜಾಸ್ತಿ ಅಲ್ವಾ’ ಅಂದು, ಆಮೇಲೆ ಅತ್ತಳು. ಆ ಅಳು ಕೇಳಿ ಟೆಂಟಿನ ಮಕ್ಕಳೆಲ್ಲ ಆಟ ನಿಲ್ಲಿಸಿದ್ರು.

ಆಫೀಸಿನವರು ಅವಳನ್ನ ಊರಿಗೆ ಬಿಟ್ಟು ಬರೋಕೆ ಜೀಪ್ ತಂದ್ರು. ಅವಳು ಹತ್ತಲಿಲ್ಲ. ‘ಇನ್ನೂ ಹತ್ತು ಜನ ಬರಬೇಕಲ್ಲ’ ಅಂದ್ಲು. ಇವತ್ತು ಮತ್ತೆ ಮೆಷಿನ್ ಮುಂದೆ ಕೂತಿದ್ದಾಳೆ.

ಅಪ್ಪ, ಉತ್ತರ ಸಿಕ್ತು ಅನ್ನಲ್ಲ. ಅವಳನ್ನ ನೋಡ್ತಾ ನೋಡ್ತಾ ಒಂದು ವಿಷಯ ಹೊಳೀತು. ನಾನೂರನೇ ವರ್ಷ ಹೊರಟವರಿಗೆ ಹೊರಡಬೇಕು ಅಂತ ಹೇಳಿಕೊಟ್ಟವರು ಯಾರು? ಮುನ್ನೂರ ತೊಂಬತ್ತೊಂಬತ್ತನೇ ವರ್ಷ ಸತ್ತವರೇ ತಾನೆ. ದೇವರು ಮಾತು ಕೊಟ್ಟಿದ್ದಾನೆ ಅಂತ ಅವರು ಮಕ್ಕಳ ಕಿವಿಯಲ್ಲಿ ಹೇಳದೆ ಸತ್ತಿದ್ರೆ, ಬಾಗಿಲು ತೆರೆದ ದಿನ ಯಾರಿಗೂ ಹೊರಗೆ ಹೋಗೋದು ತೋಚ್ತಾನೇ ಇರಲಿಲ್ಲ. ಅವರಿಗೆ ನ್ಯಾಯ ಆಯ್ತಾ? ಗೊತ್ತಿಲ್ಲ. ಆದರೆ ಅವನು ಅವರನ್ನ ಮರೆತ ಅಂತ ಮೊದಲಿನಷ್ಟು ಗಟ್ಟಿಯಾಗಿ ಹೇಳೋಕೆ ನನಗೆ ಈಗ ಆಗ್ತಿಲ್ಲ.

ನಿನ್ನ ಮಗಳು


ಮೇ 20

ಪುಟ್ಟಕ್ಕ,

ನಿನ್ನೆ ಮಧ್ಯಾಹ್ನ ಯಂತ್ರದ ತಲೆ ನಮ್ಮ ಛಾವಣಿ ತೂರಿಕೊಂಡು ಬಂತು. ಧೂಳಿನಲ್ಲಿ ಒಬ್ಬರಿಗೊಬ್ಬರು ಕಾಣದೆ ಕೈಗೆ ಸಿಕ್ಕವರನ್ನ ಹಿಡ್ಕೊಂಡು ಕುಣಿದ್ವಿ. ನಾಳೆ ಮನುಷ್ಯ ನಿಂತು ಬರೋವಷ್ಟು ಕಬ್ಬಿಣದ ಪಂಜರ ಇಳಿಸ್ತಾರೆ, ಒಂದು ಸಲಕ್ಕೆ ಒಬ್ಬರು.

ಈಗ ಗಲಾಟೆ ಬೇರೆ. ವೆಲ್ಡರನ್ನ ಈಗ ತರೋಕಾಗಲ್ಲ, ತೂತು ಎಷ್ಟು ಹೊತ್ತು ನಿಲ್ಲುತ್ತೋ ಗೊತ್ತಿಲ್ಲ ಅಂತ ಮೇಲಿನವರು ಹೇಳಿದ್ರು. ಪಂಪಿನವನು, ‘ಮೊದಲು ಅವನು, ಇಲ್ಲದಿದ್ರೆ ನಾವು ಯಾರೂ ಹತ್ತಲ್ಲ’ ಅಂತ ಕೂತುಬಿಟ್ಟ. ಉಳಿದವರೂ ಹೌದು ಅಂತ ಕೂತರು. ನಾನೂ ಕೂತೆ. ಬಂಡೆ ಮಧ್ಯೆ ಮಧ್ಯೆ ಲಟಕ್ ಅಂತಿದೆ.

ಅಪ್ಪ


ಮೇ 20, ಸಂಜೆ

ಕೆಳಗಿರೋ ಹತ್ತೂ ಜನಕ್ಕೆ,

ನನಗೆ ಬರೆಯೋದು ಅಷ್ಟು ಬರಲ್ಲ. ಮೇಡಂ ಹತ್ರ ಬರೆಸ್ತಿಲ್ಲ, ನಾನೇ ಬರೀತಿದ್ದೀನಿ. ನನ್ನ ಯಜಮಾನರು ಕಾಯ್ತಾರೆ. ನಿಮ್ಮ ಹೆಂಡ್ತಿ ಮಕ್ಕಳಿಗೆ ಕಾಯೋ ಶಕ್ತಿ ಮುಗಿದಿದೆ, ನಾನು ದಿನಾ ನೋಡ್ತಿದ್ದೀನಿ. ಹಟ ಮಾಡಬೇಡಿ. ಮೊದಲು ನೀವು ಬನ್ನಿ. ಎಲ್ಲರ ಅಂಗಿ ಹೊಲಿದು ಇಟ್ಟಿದ್ದೀನಿ.

ಹೊಲಿಗೆಯವಳು


ಜೂನ್ 14

ಅಪ್ಪ,

ಕಾಲೇಜಿಗೆ ವಾಪಸ್ ಬಂದಿದ್ದೀನಿ. ಆಸ್ಪತ್ರೆಯಲ್ಲಿ ನಿನ್ನ ಜೊತೆ ಇದ್ದ ಹತ್ತು ದಿನವೂ ಇದನ್ನ ಕೇಳೋಕಾಗಲಿಲ್ಲ. ನೋಡೋಕೆ ಬರೋರು ಒಬ್ಬರ ಹಿಂದೆ ಒಬ್ಬರು. ನೀನೂ ಆ ಮಾತಿಗೆ ಜಾಗ ಕೊಡಲಿಲ್ಲ.

ಒಂಬತ್ತು ಜನ ಬಂದ್ರು. ಹತ್ತನೇ ಸಲ ಪಂಜರ ಮೇಲೆ ಬಂದಾಗ ನಾನು ಬೇಲಿ ದಾಟಿ ಓಡಿದೆ. ಬಾಗಿಲು ತೆಗೆದ್ರು. ಒಳಗೆ ನೀನಿಲ್ಲ. ಟಾರ್ಪಾಲಿನ ಗಂಟು ನೆಟ್ಟಗೆ ನಿಂತಿದೆ. ಒಂದು ಕ್ಷಣ ಅದು ನೀನೇ ಅಂದ್ಕೊಂಡೆ. ಆಮೇಲೆ ಪಂಜರ ಇಳಿದು, ನಿನ್ನ ಹತ್ತಿಸಿಕೊಂಡು ಬರೋಕೆ ಐವತ್ತೆರಡು ನಿಮಿಷ. ಅದರ ಮಧ್ಯೆ ನೆಲ ಒಂದು ಸಲ ಅದುರಿತು. ನಾಲ್ಕು ಹೆಜ್ಜೆ ಆಚೆ ಹೊಲಿಗೆಯಕ್ಕನ ಗಂಡ ಮಲಗಿದ್ದ. ಅವಳು ಆ ಕಡೆ ಹೋಗಲಿಲ್ಲ, ನನ್ನ ಕೈ ಹಿಡ್ಕೊಂಡು ಅಷ್ಟು ಹೊತ್ತೂ ನಿಂತಿದ್ಲು.

ಮೊದಲು ಬದುಕಿರೋರು ಬನ್ನಿ ಅಂತ ಅವಳೇ ಬರೆದಿದ್ಲು. ನೀನು ಯಾಕೆ ಹೀಗೆ ಮಾಡಿದೆ?

ಮಗಳು


ಆಗಸ್ಟ್ 2

ಪುಟ್ಟಕ್ಕ,

ಉತ್ತರ ತಡವಾಯ್ತು. ನಾಲ್ಕು ಸಲ ಬರೆದು ಹರಿದೆ.

ಪಂಜರದ ಚಿಲಕವನ್ನ ಹೊರಗಿಂದ ಹಾಕಬೇಕು. ಕೊನೆಯವನು ಒಳಗಿಂದ ಹಾಕಿಕೊಳ್ಳಬೇಕಾದ್ರೆ ಫಿಟ್ಟರ್ ಕೈಯೇ ಬೇಕು ಅಂತ ಮೇಸ್ತ್ರಿಗೆ ಹೇಳಿ ನಾನು ಕೊನೆಗೆ ಉಳಿದೆ. ಅದು ನಿಜ. ಆದರೆ ಅದೊಂದೇ ಕಾರಣ ಅಲ್ಲ. ಮೇಸ್ತ್ರಿ ಹೋದ ಮೇಲೆ ನಾನು ವೆಲ್ಡರನ್ನ ಮಲಗಿಸಿದ್ದ ಆ ಓಣಿಗೆ ಹೋದೆ. ಫೋನಿನಲ್ಲಿ ‘ಪಂಜರ ಬಂತು, ಹತ್ತಿ’ ಅಂತ ಕೂಗ್ತಿದ್ರು. ನಾನು ಅವನನ್ನ ಎಳೆದು ತಂದೆ. ಎಷ್ಟು ಹಗುರ ಆಗಿದ್ದ ಅಂದ್ರೆ ಹೇಳೋಕಾಗಲ್ಲ. ಬೆಲ್ಟಿನಿಂದ ಕಟ್ಟಿ ನಿಲ್ಲಿಸಿ ಚಿಲಕ ಹಾಕಿದೆ.

ಪಂಜರ ಹೋದ ಮೇಲೆ ಕೂತೆ. ಅಲ್ಲಿ ನನಗೆ ಯಾವ ದನಿಯೂ ಕೇಳಲಿಲ್ಲ, ಬೆಳಕೂ ಕಾಣಲಿಲ್ಲ. ಬಂಡೆ ಲಟಲಟ ಅಂತು, ಮೂಲೆಯಲ್ಲಿ ಒಂದು ರಾಶಿ ಕಲ್ಲು ಕುಸೀತು. ಭಯ ಆಯ್ತು, ಪುಟ್ಟಕ್ಕ. ನಂಬಿಕೆ ಇದ್ದೋರಿಗೆ ಹೆದರಿಕೆ ಆಗಲ್ಲ ಅಂತ ನಿನ್ನ ಅಮ್ಮನ ಹಾಸಿಗೆ ಪಕ್ಕ ನಿಂತು ನಾಟಕ ಆಡಿದ್ದೆ. ನನಗೆ ಆಗ ಆಗಿದ್ದೂ ಇದೇ ಭಯ. ಹೇಳಿರಲಿಲ್ಲ ಅಷ್ಟೆ. ತಪ್ಪಾಯ್ತು ಮಗಳೇ.

ಯಾಕೆ ಅಂತ ಕೇಳಿದೆಯಲ್ಲ. ಆ ಹಿಂದಿನ ಜನರೆಲ್ಲ, ಇಟ್ಟಿಗೆಯವರು, ತೋಟ ಅಗೆದವರು, ತಲೆಮಾರಿಂದ ತಲೆಮಾರಿಗೆ ಒಂದೇ ಮಾತು ಹೇಳಿಕೊಂಡು ಬಂದ್ರು, ದೇವರು ಕೈ ಬಿಡಲ್ಲ ಅಂತ. ನಾನೂ ಜೀವಮಾನ ಪೂರ್ತಿ ಅದನ್ನೇ ಹೇಳಿದೆ. ವೆಲ್ಡರೊಬ್ಬನನ್ನ ಕತ್ತಲಲ್ಲಿ ಬಿಟ್ಟು ನಾನು ಮೇಲೆ ಬಂದಿದ್ರೆ, ಆ ಮಾತನ್ನ ಇನ್ನೊಂದು ಸಲ ಹೇಳೋಕೆ ನನಗೆ ಬಾಯಿ ಇರ್ತಿರಲಿಲ್ಲ. ನಿನ್ನ ಐವತ್ತೆರಡು ನಿಮಿಷ ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಅದಕ್ಕೆ ನೀನು ಬೈದರೆ ಬೈಸಿಕೊಳ್ತೀನಿ.

ಈಗಲೂ ನನಗೆ ಒಂದು ಕಡೆ ಕೂರೋಕಾಗ್ತಿಲ್ಲ. ಬಾಗಿಲು ಮುಚ್ಚಿದ್ರೆ ಎದ್ದು ಹೋಗಿ ತೆಗೀತೀನಿ. ಹೋದ ವಾರ ಬಸ್ ಹತ್ತಿ ಹೊಲಿಗೆಯವಳ ಊರಿಗೆ ಹೋದೆ. ಸಣ್ಣ ಅಂಗಡಿ, ರಸ್ತೆಗೆ ಒಂದು ಕಿಟಕಿ. ಕ್ಷಮೆ ಕೇಳಬೇಕು ಅಂತ ಹೋಗಿದ್ದೆ. ಅವಳು ಹೇಳೋಕೆ ಬಿಡಲಿಲ್ಲ, ಸ್ಟೂಲು ತೋರಿಸಿದ್ಲು. ಬಹಳ ಹೊತ್ತು ಮೆಷಿನ್ ತುಳೀತಾನೇ ಇದ್ಲು. ಅವಳು ಬಡಕಲಾಗಿದ್ದಾಳೆ. ನೋಡ್ತಾ ಕೂತಿದ್ದೆ, ತಡೆಯೋಕಾಗದೆ ಕೇಳಿಬಿಟ್ಟೆ.

‘ದೇವರ ಮೇಲೆ ಬೇಜಾರಿದೆಯಾ ತಾಯಿ?’

‘ದಿನಾ ಜಗಳ ಆಡ್ತೀನಿ ದೊಡ್ಡಪ್ಪ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋವಾಗ ಶುರು ಮಾಡಿದ್ರೆ ಮುಚ್ಚೋವರೆಗೂ ಬಿಡಲ್ಲ.’

ನಾನು ತಲೆ ತಗ್ಗಿಸಿದೆ. ಅವಳು ಮೆಷಿನ್ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನ ನೋಡಿದ್ಲು.

‘ಇಲ್ಲದವರ ಹತ್ರ ಯಾರಾದ್ರೂ ಜಗಳ ಆಡ್ತಾರಾ?’

ಅಪ್ಪ